ಕೊನೆಯ ಎಪ್ಪತ್ತು ಕಿಲೋಮೀಟರ್

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ಶುಕ್ರವಾರ ರಾತ್ರಿ ಬೈಕ್ ಹತ್ತಿ ಊರಿಗೆ ಹೊರಡುವುದು ಈಗ ಮಾಮೂಲಿ. ಹಬ್ಬದ ವಾರ ಖಾಸಗಿ ಬಸ್ಸಿನ ದರ ಕೇಳುವ ಹಾಗಿರುವುದಿಲ್ಲ. ತಾಳಗುಪ್ಪದ ರೈಲಿನಲ್ಲಿ ಸೀಟು ಎಂದೋ ಮುಗಿದಿರುತ್ತದೆ. ಬೈಕ್ ತಂದರೆ ಊರಿನಲ್ಲಿ ಓಡಾಡುವುದಕ್ಕೂ ಆಯಿತು. ಕಚೇರಿ ಮುಗಿಸಿ, ರೂಮಿಗೆ ಬಂದು ಬ್ಯಾಗು ತುಂಬಿ, ಊಟ ಮಾಡಿ ನೆಲಮಂಗಲ ದಾಟುವಾಗ ರಾತ್ರಿ ಹತ್ತೂವರೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ಕಳೆದು ಶಿವಮೊಗ್ಗ ಮುಟ್ಟುವಾಗ ಮೂರೂವರೆ, ನಾಲ್ಕು. ಅಲ್ಲಿಗೆ ಸುಮಾರು 300 ಕಿಲೋಮೀಟರ್ ಆಗಿರುತ್ತದೆ. ಉಳಿದದ್ದು ಸಾಗರಕ್ಕಾದರೆ ಎಪ್ಪತ್ತು ಚಿಲ್ಲರೆ, ತೀರ್ಥಹಳ್ಳಿಗಾದರೆ ಅರವತ್ತು ಚಿಲ್ಲರೆ. ಮನೆ ಬಂದೇಬಿಟ್ಟಿತು ಅನಿಸುತ್ತದೆ.

ಈ ಅನಿಸಿಕೆಯನ್ನು ನಂಬಬಾರದು ಎನ್ನುವುದೇ ನನ್ನ ವಾದ. ಬೈಕ್ ಸವಾರಿಯ ದಣಿವಿನ ಬಗ್ಗೆ ಮಾತು ಬಂದಾಗಲೆಲ್ಲ ಅದು ತಾಕತ್ತಿನ ಪ್ರಶ್ನೆಯಾಗಿ ತಿರುಗುತ್ತದೆ. ತಡೆದುಕೊಳ್ಳುವವನು ಗಟ್ಟಿ, ನಿಲ್ಲಿಸಿದವನು ಮೆತ್ತಗೆ. ನಿಜವಾಗಿ ಅದು ವೇಳೆಯ ಪ್ರಶ್ನೆ, ದಾರಿಯ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಲ್ಲಬೇಕೋ ಬೇಡವೋ ಎಂದು ಯಾರು, ಯಾವಾಗ ತೀರ್ಮಾನಿಸಬೇಕು ಎಂಬ ಪ್ರಶ್ನೆ.

ಮೊದಲು ದಾರಿ ನೋಡೋಣ. ಬಯಲುಸೀಮೆಯ ಭಾಗ ಹೆಚ್ಚುಕಡಿಮೆ ನೇರ, ಸಲೀಸು. ಕೈಕಾಲಿಗೆ ಹೆಚ್ಚು ಕೆಲಸವಿಲ್ಲ, ಎಂಜಿನ್ನು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ, ಕಣ್ಣಿನೆದುರು ಹೆಡ್‌ಲೈಟಿನ ಬೆಳಕು ಬಿದ್ದಷ್ಟೇ ಜಗತ್ತು. ಗಂಟೆಗಟ್ಟಲೆ ಹೀಗೆ ಬಂದು ಮೈಮನಸ್ಸು ಮಂಕಾದ ಮೇಲೆ ರಸ್ತೆಯ ಗುಣ ಬದಲಾಗುತ್ತದೆ. ಆಯನೂರು, ಕುಂಸಿ ಕಳೆದರೆ ಕಾಡು, ತಿರುವು. ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೂಲಕ ತೀರ್ಥಹಳ್ಳಿಗೆ ಹೋಗುವ ದಾರಿ ತುಂಗೆಯ ಪಕ್ಕಕ್ಕೇ ಬಳುಕುತ್ತ ಸಾಗುತ್ತದೆ. ಚಳಿಗಾಲದ ಬೆಳಗಿನ ಜಾವ ಹೊಳೆಯಿಂದ ಎದ್ದ ಮಂಜು ರಸ್ತೆಯನ್ನೇ ಮುಚ್ಚಿರುತ್ತದೆ. ರಿಪ್ಪನ್‌ಪೇಟೆ ಮೇಲೆ ಹೊಸನಗರಕ್ಕೆ ಹೋಗುವವರಿಗೂ ಅದೇ ಪಾಡು. ದನ, ಹಂದಿ, ಕಾಟಿ ರಸ್ತೆಗೆ ಅಡ್ಡ ಬರುವ ಹೊತ್ತೂ ಅದೇ. ಇಡೀ ಪ್ರಯಾಣದಲ್ಲಿ ಅತಿ ಹೆಚ್ಚು ಎಚ್ಚರ ಕೇಳುವ ತುಂಡು, ಎಚ್ಚರ ಪೂರ್ತಿ ಬತ್ತಿಹೋದ ಹೊತ್ತಿಗೆ ಎದುರಾಗುತ್ತದೆ. ಮಲೆನಾಡಿಗೆ ಬಯಲಿನಿಂದ ಬರುವ ಯಾರಿಗೂ ಭೂಗೋಳ ಇದರಿಂದ ವಿನಾಯಿತಿ ಕೊಟ್ಟಿಲ್ಲ.

ಇನ್ನು ವೇಳೆ. ಮನುಷ್ಯನ ಮೈಯಲ್ಲಿ ಒಂದು ಗಡಿಯಾರವಿದೆ. ಬೆಳಗಿನ ಜಾವ ಎರಡರಿಂದ ಐದರ ನಡುವೆ ಅದು ಮೈಯನ್ನು ಅತ್ಯಂತ ಕೆಳಕ್ಕೆ ಇಳಿಸುತ್ತದೆ, ಮೈಯ ಶಾಖವೂ ಆಗ ಇಳಿದಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಇನ್ನೊಂದು ಸಣ್ಣ ಇಳಿತ. ಎಷ್ಟೇ ಅಭ್ಯಾಸವಿದ್ದರೂ ಇದು ತಪ್ಪುವುದಿಲ್ಲ. ಅದರ ಜೊತೆಗೆ, ಎದ್ದಷ್ಟು ಹೊತ್ತೂ ನಿದ್ದೆಯ ಸಾಲ ಏರುತ್ತಲೇ ಇರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹದಿನೇಳು ಗಂಟೆ ಒಂದೇ ಸಮನೆ ಎದ್ದಿದ್ದವರ ಕೈಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಕುಸಿದಿತ್ತು. ಇಪ್ಪತ್ತನಾಲ್ಕು ಗಂಟೆ ಎದ್ದಿದ್ದಾಗ ಅದು 0.10ರ ಮಟ್ಟ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನು ಕುಡಿದು ಓಡಿಸುವವರಿಗೆ ಇಟ್ಟಿರುವ ಮಿತಿ 0.03. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎದ್ದವನು ಶಿವಮೊಗ್ಗ ದಾಟುವಾಗ ಎದ್ದು ಇಪ್ಪತ್ತೊಂದು ಗಂಟೆಯಾಗಿರುತ್ತದೆ. ಒಂದು ತೊಟ್ಟು ಮುಟ್ಟದಿದ್ದರೂ ಅವನ ಕೈ, ಕಣ್ಣು ಕಾನೂನು ಹೇಳುವ ಮಿತಿಯನ್ನು ಎಂದೋ ದಾಟಿವೆ. ಅದನ್ನು ಊದಿ ತೋರಿಸುವ ಯಂತ್ರ ಯಾವ ಪೊಲೀಸರ ಕೈಯಲ್ಲೂ ಇಲ್ಲ.

ಯಂತ್ರ ಇಲ್ಲದ ಕಾರಣ ದಾಖಲೆಯೂ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿ ನಿಯಮ ಉಲ್ಲಂಘನೆಯ ಕಾರಣಗಳನ್ನು ಕೊಡುವ ಪಟ್ಟಿ ಇದೆ: ಅತಿವೇಗ, ಎದುರು ದಿಕ್ಕಿನ ಚಾಲನೆ, ಕುಡಿತ, ಮೊಬೈಲು, ಕೆಂಪು ದೀಪ. ನಿದ್ದೆಗೆ ಅಲ್ಲೊಂದು ಕಾಲಂ ಇಲ್ಲ. ಠಾಣೆಯ ಎಫ್‌ಐಆರ್‌ನಲ್ಲೂ ‘ಅತಿವೇಗ ಮತ್ತು ಅಜಾಗರೂಕತೆ’ ಎನ್ನುವ ಸಿದ್ಧವಾಕ್ಯವೇ ಬರುತ್ತದೆ. ತಿರುವಿನಲ್ಲಿ ಬ್ರೇಕಿನ ಗುರುತೇ ಇಲ್ಲದೆ ನೇರ ಮರಕ್ಕೆ ಹೋದ ಬೈಕಿಗೂ ಅದೇ ಸಾಲು. ಬ್ರೇಕ್ ಹಾಕದವನು ಎಚ್ಚರವಾಗಿದ್ದನೋ ಇಲ್ಲವೋ ಎಂದು ಕೇಳುವವರು ಯಾರು? ಸತ್ತವನು ಹೇಳಲಾರ, ಬದುಕಿದವನಿಗೆ ನೆನಪಿರುವುದಿಲ್ಲ. ಹೀಗೆ ಒಂದು ದೊಡ್ಡ ಕಾರಣ ವರ್ಷದಿಂದ ವರ್ಷಕ್ಕೆ ನಮ್ಮ ಲೆಕ್ಕದಿಂದ ನುಸುಳಿಹೋಗುತ್ತಿದೆ.

ದಣಿವು ಎಂದು ನಾವು ಒಟ್ಟಾಗಿ ಹೇಳುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ಮೈದಣಿವು. ಇದು ಪ್ರಾಮಾಣಿಕ: ಸೊಂಟ ನೋಯುತ್ತದೆ, ಮಣಿಕಟ್ಟು ಜೋಮು ಹಿಡಿಯುತ್ತದೆ, ಕುತ್ತಿಗೆ ಸೆಟೆಯುತ್ತದೆ. ಇದಕ್ಕೆ ಉಪಾಯಗಳಿವೆ, ಅವು ಕೆಲಸವನ್ನೂ ಮಾಡುತ್ತವೆ. ಲ್ಯಾಪ್‌ಟಾಪ್ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು 350 ಕಿಲೋಮೀಟರ್ ಬರುವುದನ್ನು ಮೊದಲು ಬಿಡಬೇಕು. ಆ ಭಾರ ಸೀಟಿನ ಹಿಂಭಾಗಕ್ಕೆ ಸೇರಿದ್ದು, ಹೆಗಲಿಗಲ್ಲ. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದರೆ ಕೈ ಸಡಿಲಾಗುತ್ತದೆ, ಕೈ ಸಡಿಲಾದರೆ ಹೆಗಲು ಇಳಿಯುತ್ತದೆ. ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು, ಬಾಯಾರುವ ಮೊದಲೇ ನೀರು ಕುಡಿಯಬೇಕು. ಹೆಲ್ಮೆಟ್ಟಿನ ಸುತ್ತ ನುಗ್ಗುವ ಗಾಳಿಯ ಮೊರೆತವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆದ್ದಾರಿಯ ವೇಗದಲ್ಲಿ ಗಂಟೆಗಟ್ಟಲೆ ಅದನ್ನು ಕೇಳುವುದು ಕಾರ್ಖಾನೆಯಲ್ಲಿ ಕಿವಿಗೆ ರಕ್ಷಣೆಯಿಲ್ಲದೆ ನಿಂತ ಹಾಗೆಯೇ. ಮೆದುಳು ಅದನ್ನು ತಡೆದುಕೊಳ್ಳುವುದರಲ್ಲೇ ಸೋಲುತ್ತದೆ. ಕೆಲವು ರೂಪಾಯಿಯ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಂಡು ಒಮ್ಮೆ ಬಂದವರು ಮತ್ತೆ ಅದಿಲ್ಲದೆ ಹೊರಡುವುದು ಕಡಿಮೆ.

ಎರಡನೆಯದು ನಿದ್ದೆ, ಇದು ಸುಳ್ಳು ಹೇಳುತ್ತದೆ. ‘ನಿದ್ದೆ ಎಳೀತಿದೆ’ ಎಂದು ಬಾಯಿಬಿಟ್ಟು ಹೇಳುವ ಹೊತ್ತಿಗೆ ಕಣ್ಣು ಆಗಲೇ ಎಷ್ಟೋ ಸಲ ಮುಚ್ಚಿ ತೆರೆದಿರುತ್ತದೆ. ಮೂರು ನಾಲ್ಕು ಸೆಕೆಂಡಿನ ಜೊಂಪು. ಕಣ್ಣು ತೆರೆದೇ ಇರಬಹುದು, ಮೆದುಳು ಮಾತ್ರ ಇರುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡಿಗೆ ಬೈಕು 65 ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ಕುಂಸಿ ಆಚೆಯ ರಸ್ತೆಯಲ್ಲಿ ಅಷ್ಟು ದೂರ ನೇರ ಸಿಗದ ಜಾಗ ಬೇಕಾದಷ್ಟಿವೆ. ಜೊಂಪಿಗೆ ಮುನ್ನ ಸೂಚನೆಗಳಿರುತ್ತವೆ. ಹಿಂದಿನ ಊರು ದಾಟಿದ್ದು ನೆನಪಿಗೆ ಬರುವುದಿಲ್ಲ. ಗೇರ್ ಇಳಿಸಬೇಕಾದಲ್ಲಿ ಏರಿಸುತ್ತೇವೆ. ತಿರುವಿನ ತುದಿ ನೋಡುವ ಬದಲು ಮುಂದಿನ ಚಕ್ರದ ಎದುರಿನ ನೆಲವನ್ನೇ ನೋಡುತ್ತೇವೆ. ಸೂಚನೆಗಳು ಸಿಗುತ್ತವೆ, ಆದರೆ ಅವುಗಳನ್ನು ತೂಗಿ ನೋಡಬೇಕಾದದ್ದೇ ಆ ದಣಿದ ಮೆದುಳು. ನ್ಯಾಯಾಧೀಶನೇ ತೂಕಡಿಸುತ್ತಿರುವಾಗ ಸಾಕ್ಷಿ ಎಷ್ಟಿದ್ದರೇನು?

ಆದ್ದರಿಂದಲೇ ನಿಲ್ಲುವ ತೀರ್ಮಾನ ಹೊರಡುವ ಮೊದಲೇ ಆಗಿರಬೇಕು, ಮನೆಯವರೆದುರು ಹೇಳಿ ಆಗಿರಬೇಕು. ‘ನೋಡೋಣ, ಸುಸ್ತಾದರೆ ನಿಲ್ತೀನಿ’ ಎನ್ನುವುದು ಯೋಜನೆಯಲ್ಲ. ‘ರಾತ್ರಿ ಹನ್ನೆರಡಕ್ಕೆ ಎಲ್ಲಿದ್ದೇನೋ ಅಲ್ಲಿ ಮಲಗುತ್ತೇನೆ, ಬೆಳಕು ಹರಿಯದೆ ಶಿವಮೊಗ್ಗದಿಂದ ಮುಂದೆ ಹೋಗುವುದಿಲ್ಲ’ ಎನ್ನುವುದು ಯೋಜನೆ. ಅದರಲ್ಲಿ ಅನಿಸಿಕೆಗೆ ಜಾಗವಿಲ್ಲ, ಗಡಿಯಾರಕ್ಕೆ ಮಾತ್ರ ಜಾಗ. ಬಸ್ಸು, ಲಾರಿಯವರಿಗೆ ನಮ್ಮ ಸಂಸತ್ತು 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಾಡಿ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಎಂದು ಗೊತ್ತುಮಾಡಿತು. ಅದು ಎಷ್ಟು ಪಾಲನೆಯಾಯಿತು ಎನ್ನುವುದು ಬೇರೆ ಮಾತು, ಆದರೆ ಅದರೊಳಗಿನ ತಿಳಿವಳಿಕೆ ಸರಿಯಾದದ್ದು: ವಿಶ್ರಾಂತಿಯನ್ನು ದಣಿದವನ ಇಷ್ಟಕ್ಕೆ ಬಿಡಲಿಲ್ಲ. ಬೈಕಿನವನಿಗೆ ಆ ಕಾನೂನನ್ನು ಅವನೇ ಮಾಡಿಕೊಳ್ಳಬೇಕು.

ಆನಂದಪುರದ ಒಂದು ಹೋಟೆಲಿನಲ್ಲಿ ಜನವರಿಯ ಒಂದು ಬೆಳಗಿನ ಜಾವ ಕಂಡದ್ದು ನೆನಪಿದೆ. ಹುಡುಗನೊಬ್ಬ ಬೈಕ್ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಹಾಕಲು ಎರಡು ಮೂರು ಸಲ ಕಾಲು ಹುಡುಕಿದ. ಒಳಗೆ ಬಂದು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೊರಟರೆ ಬೆರಳು ಬಗ್ಗುತ್ತಿಲ್ಲ. ಗದ್ದದ ಕೆಳಗೆ ತಡಕಾಡಿ, ಕೊನೆಗೆ ಹೆಲ್ಮೆಟ್ ತೆಗೆಯದೆಯೇ ಬೆಂಚಿನ ಮೇಲೆ ಕೂತ. ಮುಂಗೈ ನಡುಗುತ್ತಿತ್ತು, ಚಹಾ ಲೋಟದಂಚಿನಿಂದ ತುಳುಕಿತು. ಊರು ಯಾವುದು ಎಂದು ಕೇಳಿದರೆ ಒಂದು ಕ್ಷಣ ತಡೆದು, ಪ್ರಶ್ನೆಯನ್ನೇ ಮತ್ತೆ ಕೇಳಿದ. ಹೋಟೆಲಿನಾಕೆ ಬಂದು ಪಟ್ಟಿ ಬಿಚ್ಚಿಕೊಟ್ಟು, ‘ಒಳಗೆ ಬೆಂಚಿದೆ, ಒಂದ್ ತಾಸು ಬಿದ್ಕೊಂಡು ಹೋಗಿ ಮಾರಾಯ್ರೆ, ಮನೆ ಎಲ್ಲಿಗೂ ಓಡಿ ಹೋಗಲ್ಲ’ ಎಂದರು. ‘ಇನ್ನೇನು, ಇಪ್ಪತ್ತೈದು ಕಿಲೋಮೀಟರ್’ ಎಂದ ಅವನು. ಆಕೆ ಬಿಡಲಿಲ್ಲ; ಬೈಕಿನ ಕೀಲಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡರು. ಹುಡುಗ ಬೆಂಚಿನ ಮೇಲೆ ಒರಗಿದವನು ಮಾತು ಮುಗಿಸುವ ಮೊದಲೇ ನಿದ್ದೆಹೋದ. ಅವನ ಆ ಇಪ್ಪತ್ತೈದು ಕಿಲೋಮೀಟರಿನಲ್ಲಿ ಏನಾಗಬಹುದಿತ್ತು ಎನ್ನುವುದಕ್ಕೆ ಅವನು ನಿದ್ದೆಹೋದ ವೇಗವೇ ಸಾಕ್ಷಿ.

ಆಕೆಯ ಸಲಹೆ ವಿಜ್ಞಾನಕ್ಕೂ ಒಪ್ಪುವಂಥದ್ದು. ಮುಖಕ್ಕೆ ನೀರು ಎರಚಿಕೊಂಡರೆ, ಹಾಡು ಹಾಕಿಕೊಂಡರೆ, ಕವಳ ಹಾಕಿ ಅಡಿಕೆ ಅಗಿದರೆ ಕೆಲವು ನಿಮಿಷ ಕಣ್ಣು ಬಿಟ್ಟಂತಾಗುತ್ತದೆ ಅಷ್ಟೇ. ಕಾಫಿ ಕೆಲಸ ಮಾಡುತ್ತದೆ, ಆದರೆ ಕುಡಿದ ಇಪ್ಪತ್ತು ಮೂವತ್ತು ನಿಮಿಷದ ಮೇಲೆ. ಆದ್ದರಿಂದ ಕಾಫಿ ಕುಡಿದು ತಕ್ಷಣ ಹೊರಡುವುದಕ್ಕಿಂತ, ಕುಡಿದು ಇಪ್ಪತ್ತು ನಿಮಿಷ ಮಲಗಿ ಎದ್ದು ಹೋಗುವುದು ಜಾಣತನ. ನಿದ್ದೆಗೆ ನಿದ್ದೆಯೇ ಮದ್ದು. ಮಳೆಗಾಲದಲ್ಲಿ ಶೀತವಾಗಿದೆ ಎಂದು ನುಂಗುವ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುವಂಥವು ಎನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಔಷಧಿ ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳುವವರು ಕಡಿಮೆ.

ರಾತ್ರಿ ಸವಾರಿಯ ದಣಿವು ಬೆಂಗಳೂರಿನಿಂದ ಬರುವವರದ್ದಷ್ಟೇ ಎಂದುಕೊಳ್ಳಬಾರದು. ದೀಪಾವಳಿ ಕಳೆದು ಮಳೆ ಹಿಡಿಯುವವರೆಗೆ ಈ ಮೂರೂ ತಾಲೂಕಿನಲ್ಲಿ ಯಕ್ಷಗಾನದ ಕಾಲ. ಮಂದಾರ್ತಿಯಂಥ ಮೇಳಗಳ ಹರಕೆ ಆಟ ಬೆಳಗಿನವರೆಗೆ ನಡೆದರೆ, ನೋಡಲು ಬಂದವರು ಮಂಗಳ ಹಾಡಿದ ಮೇಲೆ ಬೈಕ್ ಹತ್ತಿ ಇಪ್ಪತ್ತು, ಮೂವತ್ತು ಕಿಲೋಮೀಟರ್ ದೂರದ ಮನೆಗೆ ಹೊರಡುತ್ತಾರೆ. ಕಲಾವಿದರ ಪಾಡು ಇನ್ನೂ ಕಷ್ಟದ್ದು. ರಾತ್ರಿಯಿಡೀ ಕುಣಿದು, ಬಣ್ಣ ತೆಗೆದು, ಬೈಕಿನಲ್ಲಿ ಮನೆಗೆ ಹೋಗಿ ಸಂಜೆ ಮತ್ತೆ ಇನ್ನೊಂದೂರಿನ ಚೌಕಿಗೆ ಬರಬೇಕು. ಇದು ತಿಂಗಳುಗಟ್ಟಲೆ ನಡೆಯುತ್ತದೆ. ಆಟ ಮುಗಿಸಿ ಹೊರಟ ಕಲಾವಿದರು ದಾರಿಯಲ್ಲೇ ಪ್ರಾಣ ಬಿಟ್ಟ ಸುದ್ದಿಯನ್ನು ಕರಾವಳಿ, ಮಲೆನಾಡಿನ ನಾವು ಓದಿದ್ದೇವೆ, ಮರುಗಿದ್ದೇವೆ. ಮರುಗಿದರೆ ಸಾಲದು. ಆಟ ಆಡಿಸುವ ಮನೆಯವರು ಅಡುಗೆಗೆ, ಶಾಮಿಯಾನಕ್ಕೆ ಇಷ್ಟು ಖರ್ಚು ಮಾಡುವಾಗ ಚೌಕಿಯ ಪಕ್ಕದಲ್ಲಿ ಹತ್ತು ಚಾಪೆ ಹಾಸಿ, ಬಿಸಿಲೇರುವವರೆಗೆ ಮಲಗಿ ಹೋಗಿ ಎನ್ನುವುದು ದೊಡ್ಡ ಮಾತೇನೂ ಅಲ್ಲ. ಕಾಲಮಿತಿ ಆಟದ ಬಗ್ಗೆ ಕಲೆಯ ದೃಷ್ಟಿಯಿಂದ ಎಷ್ಟೋ ಆಕ್ಷೇಪಗಳಿವೆ, ಕೆಲವಕ್ಕೆ ನನ್ನ ಸಹಮತವೂ ಇದೆ. ಆದರೆ ಮನೆಗೆ ಮರಳುವ ಕಲಾವಿದನ ಜೀವ ಆ ಚರ್ಚೆಯಲ್ಲಿ ಒಂದು ವಾದವಾಗಿ ಬರಲೇಬೇಕು.

ಮಧ್ಯಾಹ್ನದ ಇಳಿತಕ್ಕೂ ಇಲ್ಲಿ ತನ್ನದೇ ರೂಪವಿದೆ. ಸಿಗಂದೂರು, ಕೊಲ್ಲೂರು ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಯಾತ್ರಿಕರು ದೇವಸ್ಥಾನದಲ್ಲಿ ಪ್ರಸಾದದ ಊಟ ಮಾಡಿ, ಎರಡು ಗಂಟೆಗೆ ನಾಗೋಡಿಯ ಘಟ್ಟ ಇಳಿಯುತ್ತಾರೆ ಅಥವಾ ಹತ್ತುತ್ತಾರೆ. ನೆಂಟರ ಮನೆಯ ಊಟವಾದರಂತೂ ಅನ್ನದ ಮೇಲೆ ಅನ್ನ, ಕೊನೆಗೆ ಅಪ್ಪೆಹುಳಿ. ಅಪ್ಪೆಹುಳಿ ಕುಡಿದರೆ ಸುಖನಿದ್ದೆ ಎಂದು ಸಾಗರ ಸೀಮೆಯ ಮನೆಮನೆಯಲ್ಲೂ ಹೇಳುತ್ತಾರೆ. ಅದನ್ನು ಬಡಿಸಿದವರೇ ‘ಬೇಗ ಹೊರಡಿ, ಕತ್ತಲಾಗತ್ತೆ’ ಎಂದೂ ಹೇಳುತ್ತಾರೆ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ದಪ್ಪ ಜಾಕೆಟ್ಟಿನೊಳಗೆ ಮೈ ಬೇಯುತ್ತದೆ. ಹಾಗೆ ಬೆಂದವನು ಹುಲಿಕಲ್ ಘಟ್ಟ ಹತ್ತಿ ಮಾಸ್ತಿಕಟ್ಟೆಯ ತಂಪಿಗೆ ಬಂದಾಗ ಮೈ ಹಿತವಾಗಿ ಸಡಿಲಾಗುತ್ತದೆ, ಕಣ್ಣು ಕೂರುತ್ತದೆ. ಜಗುಲಿಯ ಮೇಲೆ ಅರ್ಧ ಗಂಟೆ ಮಲಗಿ ಎದ್ದರೆ ಇದೆಲ್ಲ ತೀರುತ್ತದೆ. ನಮ್ಮ ಮನೆಗಳ ಜಗುಲಿಗಳು ಅದಕ್ಕೆಂದೇ ಇದ್ದವು.

ಹಳೆಯವರ ಮಾತು ತೆಗೆದು ಇದಕ್ಕೆಲ್ಲ ಎದುರು ಹೇಳುವವರಿದ್ದಾರೆ. ಅಪ್ಪಂದಿರು ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಮೇಲೆ, ಈಗಿನದಕ್ಕಿಂತ ಎಷ್ಟೋ ಕೆಟ್ಟ ರಸ್ತೆಯಲ್ಲಿ, ಅಡಿಕೆ ಮಂಡಿಗೆ ಶಿವಮೊಗ್ಗಕ್ಕೆ ಹೋಗಿಬರುತ್ತಿರಲಿಲ್ಲವೇ, ಅವರಿಗೆ ಇಲ್ಲದ ದಣಿವು ಇವರಿಗೇಕೆ ಎನ್ನುತ್ತಾರೆ. ಅವರು ಹೋಗಿಬರುತ್ತಿದ್ದದ್ದು ನಿಜ. ಆದರೆ ರಾತ್ರಿ ಒಂಬತ್ತಕ್ಕೆ ಮಲಗಿ, ಬೆಳಕಿನಲ್ಲಿ ಹೊರಟು, ಬೆಳಕಿನಲ್ಲೇ ಮರಳುತ್ತಿದ್ದರು. ಕೆಟ್ಟ ರಸ್ತೆ ವೇಗಕ್ಕೆ ಅವಕಾಶ ಕೊಡುತ್ತಿರಲಿಲ್ಲ, ಹಳೆಯ ಎಂಜಿನ್ನು ನಡುವೆ ನಿಲ್ಲದೆ ಇರುತ್ತಿರಲಿಲ್ಲ. ಇನ್ನೂ ಹಿಂದೆ, 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಹೊನ್ನಾವರ, ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದಾಗಲೂ ದಾರಿಯಲ್ಲಿ ತಂಗುತ್ತಲೇ ಬಂದ. ವಿಶ್ರಾಂತಿಯನ್ನು ದಾರಿಯೇ ಕೊಡುತ್ತಿತ್ತು, ಯಾರೂ ಕೇಳಿ ಪಡೆಯಬೇಕಾಗಿರಲಿಲ್ಲ.

ಇದರ ಕೊನೆಯ ಉದಾಹರಣೆ ನಮ್ಮ ಕಣ್ಣೆದುರೇ ಮುಗಿಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಕಟ್ಟಿ ಮುಗಿದ ಮೇಲೆ ಶರಾವತಿಯ ಹಿನ್ನೀರು ತುಮರಿ ಭಾಗದ ಊರುಗಳನ್ನು ಸಾಗರದಿಂದ ಕತ್ತರಿಸಿತು. ಹೊಳೆಬಾಗಿಲಿನ ಲಾಂಚೇ ಗತಿ. ಬೈಕಿನವನು ಅಲ್ಲಿ ಕಾಯಲೇಬೇಕಿತ್ತು: ಹೆಲ್ಮೆಟ್ ತೆಗೆದು, ಕಾಲು ಚಾಚಿ, ನೀರು ಕುಡಿದು, ನೀರಿನ ಮೇಲಿನ ಗಾಳಿಗೆ ಮುಖವೊಡ್ಡಿ ನಿಲ್ಲುತ್ತಿದ್ದ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ಉದ್ಘಾಟನೆಯಾಯಿತು. ಅದು ಆಗಲೇಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದ ಹೆಂಗಸರ, ಹಾವು ಕಚ್ಚಿದವರ ಕಷ್ಟ ಆ ಊರಿನವರಿಗೇ ಗೊತ್ತು; ಆರು ದಶಕ ಅವರು ನಾಡಿಗೆ ಬೆಳಕು ಕೊಟ್ಟು ತಾವು ದ್ವೀಪದಲ್ಲಿ ಇದ್ದರು. ಲಾಂಚಿನ ನೆನಪಿಗೆ ನಿಟ್ಟುಸಿರು ಬಿಡುವ ಹಕ್ಕು ಹೊರಗಿನಿಂದ ಬಂದ ಸವಾರರಿಗಿಲ್ಲ. ಆದರೆ ರಸ್ತೆ ಒಳ್ಳೆಯದಾದಷ್ಟೂ, ಹಿಂದೆ ಬಲವಂತವಾಗಿ ಸಿಗುತ್ತಿದ್ದ ನಿಲುಗಡೆಗಳು ಮಾಯವಾದಷ್ಟೂ, ನಿಲ್ಲುವ ಹೊಣೆ ಪೂರ್ತಿಯಾಗಿ ಸವಾರನ ಮೇಲೆ ಬೀಳುತ್ತದೆ. ಈಗ ಸಿಗಂದೂರಿನಿಂದ ಕೊಲ್ಲೂರಿಗೆ, ಕೊಲ್ಲೂರಿನಿಂದ ಆಗುಂಬೆಗೆ, ಆಗುಂಬೆಯಿಂದ ಬೆಂಗಳೂರಿಗೆ ತಡೆಯಿಲ್ಲದೆ ಓಡಬಹುದು. ಓಡುತ್ತಾರೆ ಕೂಡ.

ಮಳೆ ನೋಡಲು ಗುಂಪುಗಟ್ಟಿ ಬರುವವರು ಈ ಹೊಣೆಯನ್ನು ಇನ್ನೂ ಸುಲಭವಾಗಿ ಮರೆಯುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಒದ್ದೆ ಗ್ಲೌಸಿನ ಮೇಲೆ ಗಾಳಿ ಬಡಿದರೆ ಜುಲೈಯಲ್ಲೂ ಬೆರಳು ಮರಗಟ್ಟುತ್ತದೆ, ವೈಸರಿಗೆ ಹಬೆ ಹಿಡಿಯುತ್ತದೆ, ಪ್ರತಿ ಮೀಟರಿಗೂ ಕಣ್ಣು ಕಿರಿದು ಮಾಡಿ ನೋಡಬೇಕು. ಒಣ ರಸ್ತೆಯ ಮೂರು ಗಂಟೆಯ ಶ್ರಮ ಇಲ್ಲಿ ಒಂದೇ ಗಂಟೆಗೆ ತೀರಿಹೋಗುತ್ತದೆ. ಆಮೇಲೆ ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ಹೇರ್‌ಪಿನ್ ತಿರುವು. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವನು ಬಾಯಿಬಿಡುವುದಿಲ್ಲ, ಮುಂದಿನವನ ಕೆಂಪು ದೀಪ ತಪ್ಪಿಹೋಗದ ಹಾಗೆ ಓಡಿಸುತ್ತಾನೆ. ಒಳ್ಳೆಯ ಗುಂಪು ಎಲ್ಲರಿಗಿಂತ ಹೊಸಬನನ್ನು ಮುಂದೆ ಬಿಟ್ಟು ಅವನ ವೇಗಕ್ಕೆ ಹೊಂದಿಕೊಳ್ಳುತ್ತದೆ, ಯಾರು ನಿಲ್ಲಿಸೋಣ ಎಂದರೂ ಕಾರಣ ಕೇಳುವುದಿಲ್ಲ. ಇಪ್ಪತ್ತನಾಲ್ಕು ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ 1,600 ಕಿಲೋಮೀಟರ್ ಓಡಿಸಿ ಅಮೆರಿಕದ ಐರನ್ ಬಟ್ ಸಂಘದ ಪ್ರಮಾಣಪತ್ರ ಪಡೆದವರನ್ನು ನೋಡಿ ಉಮೇದು ಹತ್ತುವವರಿಗೂ ಒಂದು ಮಾತು: ಅಂಥ ಸವಾರಿಯ ಲೆಕ್ಕಾಚಾರ ಅಗಲ ಹೆದ್ದಾರಿಗಳದ್ದು. ಅದನ್ನು ತಂದು ನಗರ–ಹೊಸಂಗಡಿ ರಸ್ತೆಯ ಮೇಲೆ ಹೇರುವಂತಿಲ್ಲ.

ನಿಲ್ಲಬೇಕು ಎಂದು ಇಷ್ಟು ಹೇಳಿದ ಮೇಲೆ, ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಈ ರಸ್ತೆಗಳಲ್ಲಿ ಸವಾರ ನಿಲ್ಲದಿರುವುದಕ್ಕೆ ಹಟವೊಂದೇ ಕಾರಣವಲ್ಲ. ಮಳೆಯಲ್ಲಿ ಕಾಡಿನ ನಡುವೆ ಇಳಿದರೆ ಕಾಲಿಗೆ ಇಂಬಳ, ತಲೆಯ ಮೇಲೆ ಸೂರಿಲ್ಲ. ರಾತ್ರಿಯಾದರೆ ಅಂಗಡಿ ಮುಚ್ಚಿರುತ್ತದೆ. ಹೆಂಗಸರಿಗೆ ಇದು ಇನ್ನೂ ಕಠಿಣ: ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ನೀರು ಕಡಿಮೆಯಾದ ಮೈ ಬೇಗ ಸೋಲುತ್ತದೆ, ತಲೆ ಸಿಡಿಯುತ್ತದೆ, ಗಮನ ಚದುರುತ್ತದೆ. ಬೈಕ್ ಓಡಿಸುವವರಿಗೂ ಹಿಂದೆ ಮಗುವನ್ನು ಹಿಡಿದು ಕೂತವರಿಗೂ ಇದು ಒಂದೇ. ಕಾರಿನವರಿಗಾಗಿ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ವಿಶ್ರಾಂತಿ ತಾಣಗಳನ್ನು ಕಟ್ಟುವ ಸರ್ಕಾರಕ್ಕೆ, ಆಗುಂಬೆ, ಮಾಸ್ತಿಕಟ್ಟೆ, ನಾಗೋಡಿ ಎಂಬ ಮೂರು ಘಟ್ಟದ ತಲೆಗಳಲ್ಲಿ ಒಂದೊಂದು ಸೂರು ಹಾಕುವುದು ಭಾರವಲ್ಲ. ಹೆಂಚಿನದೋ ಶೀಟಿನದೋ ಒಂದು ಮಾಡು, ಮಲಗುವಷ್ಟು ಅಗಲದ ಕಟ್ಟೆ, ಬೀಗ ಹಾಕಿರದ ಶೌಚಾಲಯ, ಕುಡಿಯುವ ನೀರು, ರಾತ್ರಿಯಿಡೀ ಉರಿಯುವ ಒಂದು ದೀಪ. ಅಷ್ಟರವರೆಗೆ ಕಾಯಬೇಕಾಗಿಯೂ ಇಲ್ಲ: ನಮ್ಮ ಊರೂರಿನ ಬಸ್ ತಂಗುದಾಣಗಳಲ್ಲಿ ಕಲ್ಲಿನ ಬೆಂಚು ಈಗಲೂ ಇದೆ. ಪಂಚಾಯಿತಿಯವರು ಅದನ್ನು ಗುಡಿಸಿ, ಒಂದು ಬಲ್ಬು ಹಾಕಿದರೆ ಈ ಮಳೆಗಾಲಕ್ಕೇ ಆರಂಭಿಸಬಹುದು.